ಹೊರಗಿನ ಮೂರು ದಿನ

ತಣ್ಣಗಿದೆ, ಅಬ್ಬಾ ಎಷ್ಟು ತಣ್ಣಗಿದೆ ಈ ಅಂಟು, ಹೊಟ್ಟೆಯ ಮೇಲೆ ಇನ್ನಷ್ಟು ಸುರಿಯಿರಿ ಅನ್ನಬೇಕೆನಿಸುತ್ತದೆ, ಎಂಟು ತಿಂಗಳಿಂದ ಎದೆಯಿಂದ ಕಿವಿಯವರೆಗೆ ಏರುವ ಆ ಉರಿಗೆ ಫ್ಯಾನು, ಮಜ್ಜಿಗೆ, ತಣ್ಣೀರು ಯಾವುದೂ ಇಷ್ಟು ಹಿತ ಕೊಟ್ಟಿರಲಿಲ್ಲ, ಆದರೆ ಬಾಯಿ ಬಿಡಬೇಡ ಧನಶ್ರೀ, ಬಿಟ್ಟರೆ ಕೆಟ್ಟೆ, ಬೇನಜೀರ ಡಾಕ್ಟರು ಸ್ಕ್ಯಾನಿನ ಹಿಡಿಯನ್ನು ಹೊಟ್ಟೆಗೆ ಒತ್ತಿ ಒತ್ತಿ ಟೀವಿಯಂಥದ್ದನ್ನೇ ನೋಡುತ್ತಿದ್ದಾರೆ, ಕರ್ಟನ್ನಿನ ಕೆಳಗೆ ಇವರ ಚಪ್ಪಲಿ ಕಾಣುತ್ತದೆ, ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಬಸ್ಸಿನಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮಾತೂ ಆಡದೆ ಬಂದ ನನ್ನ ಗಂಡ, ಇಲ್ಲಿ ಡಾಕ್ಟರು ನನ್ನನ್ನು ಕೇಳಿದ್ದಕ್ಕೆ ತಾವೇ ಉತ್ತರ ಕೊಟ್ಟುಬಿಟ್ಟರು, ಬರೋಬ್ಬರಿ ಆಗ್ತದರಿ, ಹೋದ ಹದಿನೆಂಟಕ್ಕ ಹೊರಗ ಕೂತಿದ್ಲು, ಅದರ ಹಿಂದಿನ ತಿಂಗಳು ಇಪ್ಪತ್ತೊಂದು — ಆನಂದತೀರ್ಥ ಮಾಸ್ತರು, ಗಣಿತದವರು, ತಾರೀಖು ತಪ್ಪುವುದೇ ಇಲ್ಲ. ಹೊರಗೆ ಕೂತದ್ದು ನಿಜ, ಮುಟ್ಟಾದದ್ದು ಸುಳ್ಳು.

ಮೊದಲನೇ ತಿಂಗಳು ಮೋಸ ಮಾಡುವ ಮನಸ್ಸಿರಲಿಲ್ಲ, ದೇವರಾಣೆ, ಸೊಂಟ ನೋಯುತ್ತಿತ್ತು, ಇವತ್ತೋ ನಾಳೆಯೋ ಎಂದು ಹಿತ್ತಲ ಕೋಣೆಗೆ ಹೋಗಿ ಚಾಪೆ ಹಾಸಿದೆ, ಬರಲಿಲ್ಲ, ಎರಡನೇ ದಿನವೂ ಬರಲಿಲ್ಲ, ಎದ್ದು ಹೋಗಿ ಹೇಳಬೇಕಿತ್ತು, ಆದರೆ ಕಿಟಕಿಯಾಚೆ ಪೇರಲ ಗಿಡಕ್ಕೆ ಗಿಳಿ ಬಂದಿತ್ತು, ಒಂದು ಹಣ್ಣು ಕಚ್ಚಿ ಬೀಳಿಸಿ ಮತ್ತೊಂದನ್ನು ಕಚ್ಚುವ ಅದರ ದಿಮಾಕನ್ನು ಮಲಗಿಯೇ ನೋಡಿದೆ, ಯಾರೂ ಧನಶ್ರೀ ಅನ್ನಲಿಲ್ಲ, ಮಡಿ ಸೀರೆ ಇಲ್ಲ, ನೈವೇದ್ಯಕ್ಕೆ ಹೊತ್ತಾಯಿತೆಂಬ ಗಡಿಬಿಡಿ ಇಲ್ಲ, ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನದು ಅಂತ ಇದ್ದದ್ದು ತಿಂಗಳಿಗೆ ಆ ಮೂರೇ ದಿನ — ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಕೋಣೆಯಲ್ಲಿ ಎಷ್ಟು ಅತ್ತಿದ್ದೆ, ಯಾವ ಕಾಲದಲ್ಲಿದ್ದಾರಪ್ಪ ಇವರು ಎಂದು ಎಷ್ಟು ಬೈದಿದ್ದೆ, ಈಗ ಅದನ್ನೇ ಕಸಿದುಕೊಳ್ಳುತ್ತಾರೆಂದು ಸುಳ್ಳು ಹೇಳುತ್ತಿದ್ದೇನೆ, ನಗು ಬರುತ್ತದೆ, ಅಳುವೂ ಬರುತ್ತದೆ, ನಿಂತಿದೆ ಎಂದರೆ ಮುಗಿಯಿತು, ಮೂವತ್ತು ದಿನವೂ ಒಲೆ, ಆದರೆ ಹೇಳದಿದ್ದರೆ? ಹಾವೇರಿಯ ಡಾಕ್ಟರು ಮುಟ್ಟು ಸರಿಯಿದೆಯೆಂದು ನಂಬಿ ಥೈರಾಯ್ಡ್ ನೋಡಿಸಿದರು, ಸಕ್ಕರೆ ನೋಡಿಸಿದರು, ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದರು, ಎಲ್ಲ ನಾರ್ಮಲ್, ನಾರ್ಮಲ್ ಅಂದಷ್ಟೂ ಇವರ ಮುಖ ಸಣ್ಣದಾಯಿತು, ಏನೋ ದೊಡ್ಡದೇ ಅದ, ಸಿಗವಲ್ದು, ಎಂದು ಕದರಮಂಡಲಗಿ ಆಂಜನೇಯನಿಗೆ ಹರಕೆ ಹೊತ್ತರು, ಮೊನ್ನೆ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು, ಪಾಪ, ಒಳ್ಳೆಯ ಮನುಷ್ಯ, ಅವರನ್ನು ಹೀಗೆ ಹೆದರಿಸುತ್ತಿರುವವಳು ನಾನು.

ಅಕ್ಕಾರ, ಹದಿನೆಂಟಕ್ಕ ಆಗಿತ್ತೇನ್ರಿ, ಡಾಕ್ಟರ ದನಿ ನನಗೆ ಮಾತ್ರ ಕೇಳುವಷ್ಟು ಸಣ್ಣದು, ಗರ್ಭಚೀಲದ ಒಳಪದರ ಭಾಳ ತೆಳ್ಳಗ ಐತಿ, ಇಪ್ಪತ್ತು ದಿನದಾಗ ಇದು ದಪ್ಪ ಆಗಿರಬೇಕಿತ್ತು — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಸೆರಗು ಎಳೆದುಕೊಂಡೆ, ಕರ್ಟನ್ನಿನ ಕೆಳಗೆ ಇವರ ಬಲಗಾಲು ನೆಲಕ್ಕೆ ಬಡಿಯುತ್ತಲೇ ಇದೆ, ಬಡಿಯುತ್ತಲೇ ಇದೆ, ಎಂಟು ತಿಂಗಳಾತ್ರಿ ಆಗಿಲ್ಲ, ಯಾರು ಅಂದದ್ದು, ನಾನೇ ಅಂದೆ, ಅವರಿಗೆ ಗೊತ್ತಿಲ್ರಿ, ಅವರಿಗೆ ಹೇಳಬ್ಯಾಡ್ರಿ. ಡಾಕ್ಟರು ಬೈಯಲಿಲ್ಲ, ಒರೆಸಿಕೊಳ್ಳಲು ಕಾಗದ ಕೊಟ್ಟರು, ನಲವತ್ತೊಂಬತ್ತಕ್ಕ ಇದು ರೋಗ ಅಲ್ರಿ, ರಕ್ತದ ಟೆಸ್ಟೂ ಬೇಕಾಗಿಲ್ಲ, ನೀವು ಖರೇ ಹೇಳೂದ ಟೆಸ್ಟು, ಇನ್ನ ನಾಕು ತಿಂಗಳು ನೋಡೂಣು, ಹನ್ನೆರಡು ತುಂಬಿದ್ರ ನಿಂತಂಗ, ಉರಿಗೆ ಔಷಧ ಐತಿ, ಅಂಜಬ್ಯಾಡ್ರಿ, ಆಮೇಲೆ ದನಿ ಎತ್ತರಿಸಿ, ನಿಮ್ಮ ತಾಯಿಗೆ ಯಾವ ವಯಸ್ಸಿಗೆ ನಿಂತಿತ್ರಿ, ಅವ್ವ ನಲವತ್ತಕ್ಕೇ ಹೋದಳು, ಗೊತ್ತಿಲ್ಲ ಎನ್ನುವಷ್ಟರಲ್ಲಿ ಆಚೆಯಿಂದ ಇವರು, ನಮ್ಮ ಅವ್ವಗ ಐವತ್ತೆಂಟರ ತನಕ ಇತ್ತು ನೋಡ್ರಿ, ನಮ್ಮಪ್ಪ ಹೋದ ಮ್ಯಾಲೆನ ನಿಂತದ್ದು, ಗಟ್ಟಿ ಜೀವ ಆಕಿದು — ಡಾಕ್ಟರು ನಕ್ಕರು, ಸರ, ಅದು ನಿಮ್ಮ ರಕ್ತ, ಇವರದಲ್ಲ, ಮತ್ತ ಐವತ್ತೆಂಟಕ್ಕ ಹಂಗ ತಿಂಗಳಾ ತಿಂಗಳಾ ಯಾರಿಗೂ ಬರೂದಿಲ್ರಿ, ಬಂದ್ರ ದವಾಖಾನಿಗೆ ಓಡಿ ಬರಬೇಕು.

ಯಾರಿಗೂ ಬರುವುದಿಲ್ಲ. ಗೋದೂಬಾಯಿಯವರಿಗೆ ಬರುತ್ತಿತ್ತು, ನನ್ನ ಅತ್ತೆಗೆ, ಮಾವ ಇರುವವರೆಗೂ ತಪ್ಪದೆ, ಉಪ್ಪು ಹೆಚ್ಚಾದರೆ ಹೆಂಡತಿಯ ಮೇಲೆ ಕೈ ಎತ್ತುತ್ತಿದ್ದ ಮಾವ, ದೊಡ್ಡ ಮಡಿವಂತರು, ಹೊರಗೆ ಕೂತವಳ ಹತ್ತಿರ ಮಾತ್ರ ಸುಳಿಯದವರು — ಅವರು ತೀರಿದ ತಿಂಗಳಿಂದ ಅತ್ತೆ ಮತ್ತೆ ಹೊರಗೆ ಕೂರಲಿಲ್ಲ, ದುಃಖಕ್ಕೆ ನಿಂತುಹೋಯಿತು ಎಂದು ಓಣಿಯೆಲ್ಲ ಅಂದಿತು, ನಾನೂ ಅಂದೆ, ಹದಿನಾರು ವರ್ಷ ಹಾಗೇ ಅಂದುಕೊಂಡೆ. ಈಗ ಎಪ್ಪತ್ನಾಲ್ಕು ಅವರಿಗೆ, ನನ್ನ ಮೂರು ದಿನದ ಒಲೆ ಅವರದೇ, ಮಂಡಿ ಹಿಡಿದುಕೊಂಡು ಹಿತ್ತಲಿಗೆ ಬರುತ್ತಾರೆ, ಎಂಟು ತಿಂಗಳಿಂದ ತಂತಿಯ ಮೇಲೆ ಮುಟ್ಟಿನ ಬಟ್ಟೆ ಒಣಗಿದ್ದೇ ಇಲ್ಲ, ಅದು ಅವರ ಕಣ್ಣಿಗೆ ಬೀಳದೆ ಇದ್ದೀತೆ, ಒಂದು ದಿನವೂ ಕೇಳಲಿಲ್ಲ, ಮಲ್ಕೋ ಧನು, ಯಾರೂ ಕರಿಯಂಗಿಲ್ಲ, ಇಷ್ಟೇ ಅಂದದ್ದು, ನಾನು ಅದನ್ನು ಬರೀ ಮಾತು ಅಂದುಕೊಂಡಿದ್ದೆ, ಸರಗ ಏನಂತ ಹೇಳ್ಲಿರಿ ಅಕ್ಕಾರ, ಡಾಕ್ಟರು ಕೇಳುತ್ತಿದ್ದಾರೆ, ಏನಂತ ಹೇಳಲಿ, ಹೊಸ್ತಿಲ ಮೇಲೆ ಅನ್ನದ ತಾಟು, ಬಳೆಯಿಲ್ಲದ ಆ ಕೈ ಅದನ್ನು ಒಳಗೆ ಸರಿಸುತ್ತದೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತದೆ, ಏನಂತ ಹೇಳಲಿ, ಆ ಕೈ ಬಾಗಿಲು ಎಳೆದುಕೊಳ್ಳುತ್ತದೆ, ಆ ಕೈ —