ಇಪ್ಪತ್ತು ನಿಮಿಷ

"ಬಲಗಡೆ ವಾಲ್ತಾ ಐತೆ, ಇನ್ನೊಂದು ದಿಂಬು ಕೊಡಿ," ಎಂದ ಧರ್ಮೇಶ್. ಅವನ ಎರಡೂ ಕೈಗಳು ರುದ್ರಮೂರ್ತಿಯ ಭುಜಗಳನ್ನು ಹಿಡಿದಿದ್ದವು. ಅಮೂಲ್ಯಾ ಒಳಗಿನಿಂದ ದಿಂಬು ತಂದು ಅಪ್ಪನ ಬೆನ್ನಿಗೂ ಮರದ ಕುರ್ಚಿಗೂ ನಡುವೆ ತುರುಕಿದಳು. ಯಶೋದಾ ಗಂಡನ ಎದೆಯ ಸುತ್ತ ಬಿಳಿ ಪಂಚೆ ಸುತ್ತಿ ಕುರ್ಚಿಯ ಹಿಂದೆ ಗಂಟು ಹಾಕಿದಳು. ಬಿಗಿಯಾಯಿತೇನೋ ಎಂದು ಒಂದು ಬೆರಳು ತೂರಿಸಿ ನೋಡಿ, ಸ್ವಲ್ಪ ಸಡಿಲಿಸಿದಳು.

"ಅಪ್ಪಂಗೆ ನೋಯಲ್ಲ ಕಣಮ್ಮ," ಎಂದಳು ಅಮೂಲ್ಯಾ.

"ಗೊತ್ತು, ಸುಮ್ನಿರೇ."

ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಆ ಮನೆ. ಬೆಳಗಿನ ಜಾವ ಮುಖ ತೊಳೆದು ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದ ರುದ್ರಮೂರ್ತಿ ಹೊಸಿಲ ಮೇಲೆಯೇ ಕೂತುಬಿಟ್ಟಿದ್ದ. ನರ್ಸ್ ಆಗಿದ್ದ ಮಗಳು ಎದೆ ಒತ್ತಿ ಒತ್ತಿ ನೋಡಿದ್ದಳು. ಉಸಿರು ಮರಳಲಿಲ್ಲ. ಅವನಿಗೆ ಐವತ್ತೆಂಟು ವರ್ಷ. ಈಗ ಹತ್ತು ಗಂಟೆಯಾಗಿತ್ತು. ಹಣೆಗೆ, ತೋಳಿಗೆ ವಿಭೂತಿ ಬಳಿದು, ಕೊರಳಿಗೆ ಹೂವಿನ ಹಾರ ಹಾಕಿ, ಬೀದಿಯ ಕಡೆ ಮುಖ ಮಾಡಿ ಅವನನ್ನು ಕೂರಿಸಿದ್ದರು. ಮಧ್ಯಾಹ್ನ ಮೂರಕ್ಕೆ ಸಮಾಧಿ.

ರುದ್ರಮೂರ್ತಿಯ ಅಣ್ಣ ಸೋಮಶೇಖರಪ್ಪ ಧರ್ಮೇಶನನ್ನು ಪಕ್ಕಕ್ಕೆ ಕರೆದರು. ಊರಿನಲ್ಲಿ ಅವರದು ಈರುಳ್ಳಿ ಮಂಡಿ.

"ನೋಡಪ್ಪಾ, ಮಠದಿಂದ ಸ್ವಾಮಿಗಳು ಬತ್ತಾರೆ. ಮಂಡಿಯೋರು, ಬೀಗರು ಎಲ್ಲಾ ಬತ್ತಾರೆ. ಆ ಕೇಸಿನ ಸುದ್ದಿ ಯಾರೂ ಎತ್ತಬಾರದು. ನಿಮ್ಮ ಡ್ರೈವರುಗಳಿಗೂ ಹೇಳ್ಬಿಡು."

ತರೀಕೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಧರ್ಮೇಶ್ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಅವರೆಲ್ಲಾ ಬರ್ತಿರೋದೇ ಅದಕ್ಕೆ, ಸೋಮಶೇಖರಪ್ನೋರೇ," ಎಂದ.

"ಏನು ಹಂಗಂದ್ರೆ?"

ಅವನು ಉತ್ತರ ಕೊಡುವಷ್ಟರಲ್ಲಿ ಬಾಗಿಲ ಮುಂದೆ ಆಟೋ ನಿಂತಿತು. ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬಳು ಸೇವಂತಿಗೆ ಹಾರ ಹಿಡಿದು ಇಳಿದಳು. ಚಪ್ಪಲಿ ಬಿಟ್ಟು, ಹಾರ ಹಾಕಿ, ರುದ್ರಮೂರ್ತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾವ ಕಡೆ ನೆಂಟರೋ ಎಂದು ಜನ ಮುಖಮುಖ ನೋಡಿಕೊಂಡರು.

"ಯಾರಮ್ಮಾ ತಾವು?" ಸೋಮಶೇಖರಪ್ಪ ಕೇಳಿದರು.

"ಮೀನಾಕ್ಷಮ್ಮ ಅಂತ. ಪೊಲೀಸ್ ಇಲಾಖೇಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ. ರಿಟೈರ್ಡ್ ಆಗಿ ಈಗ ಕಡೂರಲ್ಲಿದ್ದೀನಿ. ಇವರನ್ನ ಅರೆಸ್ಟ್ ಮಾಡಿದ್ದು ನಾನೇ."

ಶಾಮಿಯಾನದಡಿ ಕೂತಿದ್ದವರೆಲ್ಲ ಇತ್ತ ತಿರುಗಿದರು. ಸೋಮಶೇಖರಪ್ಪನವರ ಮುಖ ಕಪ್ಪಿಟ್ಟಿತು. ಯಶೋದಾ ಮಾತ್ರ ಎದ್ದು ಬಂದು, ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, "ಬನ್ನಿ ಮೇಡಂ, ಕೂತ್ಕೊಳಿ. ಬಿಸಿಲಲ್ಲಿ ಬಂದಿದ್ದೀರಾ," ಎಂದಳು.

* * *

ಲಾಕ್‌ಡೌನಿನ ಮೇ ತಿಂಗಳು. ಬಸ್ಸಿಲ್ಲ, ರೈಲಿಲ್ಲ. ಕಾಫಿ ತೋಟಗಳ ಕೆಲಸಕ್ಕೆಂದು ಜಾರ್ಖಂಡಿನಿಂದ ಬಂದಿದ್ದ ಇಪ್ಪತ್ತೆಂಟು ಜನ ಊರಿಗೆ ಹೋಗಲೇಬೇಕೆಂದು ಕೂತಿದ್ದರು. ಅವರನ್ನು ಕರೆತಂದಿದ್ದ ಏಜೆಂಟನೇ ಲಾರಿ ಡ್ರೈವರ್ ಆಗಿದ್ದ ರುದ್ರಮೂರ್ತಿಗೆ ಫೋನ್ ಮಾಡಿದ. ಮುಚ್ಚಿದ ಕಂಟೇನರ್ ಲಾರಿ, ಗಾಜಿನ ಮೇಲೆ ತರಕಾರಿ ಸಾಗಣೆಯ ಪಾಸು. ಬಳ್ಳಾರಿಯವರೆಗೆ ಬಿಟ್ಟರೆ ಸಾಕು, ಮುಂದಿನದು ಬೇರೆ ಗಾಡಿ.

"ಗಂಟೆಗೊಂದು ಸಲ ಬಾಗಿಲು ತೆಗೀಬೇಕು. ಒಪ್ಪಿದ್ರೆ ಬತ್ತೀನಿ," ಎಂದಿದ್ದ ರುದ್ರಮೂರ್ತಿ. ಏಜೆಂಟ್ ಒಪ್ಪಿದ. ಆದರೆ ಜನ ಹತ್ತಿದ ಮೇಲೆ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು, ಕಾರಿನಲ್ಲಿ ಮುಂದೆ ಹೊರಟ. ರುದ್ರಮೂರ್ತಿ ಅದನ್ನು ನೋಡಿದ. ನೋಡಿಯೂ ಗಾಡಿ ಸ್ಟಾರ್ಟ್ ಮಾಡಿದ.

ಮೊದಲೊಂದು ಸಲ ಏಜೆಂಟ್ ಮರದ ನೆರಳಲ್ಲಿ ನಿಲ್ಲಿಸಿ ಬಾಗಿಲು ತೆಗೆದ. ಎಲ್ಲರೂ ಇಳಿದು ನೀರು ಕುಡಿದರು. ಒಂದು ಹುಡುಗಿ ಕ್ಯಾಬಿನ್ನಿನ ಹತ್ತಿರ ಬಂದು ಬಾಟಲಿಗೆ ನೀರು ತುಂಬಿಸಿಕೊಂಡು, ಹಿಂದಿಯಲ್ಲಿ "ಇನ್ನೆಷ್ಟು ದೂರ ಕಾಕಾ?" ಎಂದು ಕೇಳಿದಳು. ಮತ್ತೆ ಬೀಗ ಬಿತ್ತು.

ಕಡೂರು ಇನ್ನೂ ಮುಂದಿದ್ದಾಗಲೇ ಹೊಸ ಚೆಕ್‌ಪೋಸ್ಟ್ ಸಿಕ್ಕಿತು. ಗಾಡಿಗಳ ಸಾಲು ಕದಲಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಕಂಟೇನರಿನ ತಗಡಿನ ಮೇಲೆ ನೇರ ಸುರಿಯುತ್ತಿತ್ತು. ಒಂದೂಕಾಲಿನ ಹೊತ್ತಿಗೆ ಹಿಂದಿನಿಂದ ಬಡಿತ ಕೇಳಿಸಿತು. ಮೊದಲು ಒಂದು ಕೈ, ಆಮೇಲೆ ಹಲವು.

ರುದ್ರಮೂರ್ತಿ ಏಜೆಂಟನಿಗೆ ಫೋನ್ ಹಚ್ಚಿದ.

"ಹತ್ತೇ ನಿಮಿಷ ಕಣಯ್ಯಾ. ಈಗ ತೆಗೆದ್ರೆ ಎಲ್ಲರೂ ಒಳಗೆ ಹೋಗ್ತೀವಿ. ಟೇಪ್ ಜೋರಾಗಿ ಹಾಕ್ಕೋ."

ಅವನು ಟೇಪ್ ಹಾಕಲಿಲ್ಲ. ಆದರೆ ಕಾದ. ಹತ್ತು ನಿಮಿಷವಾಯಿತು, ಇನ್ನೂ ಹತ್ತಾಯಿತು. ಬಡಿತ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಅದು ನಿಂತ ಮೇಲೆಯೇ ಅವನು ಜಾಕಿನ ಲಿವರ್ ಎತ್ತಿಕೊಂಡು ಕೆಳಗೆ ಹಾರಿದ್ದು.

* * *

"ಲಿವರಿನಿಂದ ಬೀಗ ಒಡೆಯೋ ಸದ್ದಿಗೆ ನಾವು ಓಡಿದ್ವಿ," ಎಂದಳು ಮೀನಾಕ್ಷಮ್ಮ. ಅಮೂಲ್ಯಾ ತಂದುಕೊಟ್ಟ ನೀರಿನ ಲೋಟ ಅವಳ ಕೈಯಲ್ಲೇ ಇತ್ತು. "ಏಜೆಂಟನ ಕಾರು ಅಲ್ಲೇ ತಿರುಗಿಸ್ಕೊಂಡು ಹೋಯ್ತು. ಲಾರಿಯ ಕ್ಲೀನರ್ ಹೊಲ ಬಿದ್ದು ಓಡ್ಬಿಟ್ಟ. ಇವರೂ ಓಡಬಹುದಿತ್ತು ಕಣಮ್ಮ. ಆ ಗಲಾಟೇಲಿ ಯಾರು ನೋಡ್ತಿದ್ರು? ಒಬ್ಬೊಬ್ಬರನ್ನೇ ತೋಳಲ್ಲಿ ಎತ್ತಿ ಹುಣಸೆ ಮರದ ಕೆಳಗೆ ಮಲಗಿಸಿದ್ರು. ಹದಿನಾಲ್ಕು ಜನರನ್ನ ಇವರೊಬ್ಬರೇ ಹೊತ್ತರು, ನಾನೇ ಎಣಿಸಿದೀನಿ. ಇಪ್ಪತ್ತಾರು ಜನ ಕಣ್ಣು ಬಿಟ್ರು. ಇಬ್ಬರು ಬಿಡಲಿಲ್ಲ."

"ಫೂಲ್ಮನಿ, ಮಂಗ್ರಾ," ಎಂದಳು ಅಮೂಲ್ಯಾ ಮೆಲ್ಲಗೆ.

"ಹೌದು. ಆ ಹುಡುಗಿ, ಇನ್ನೊಬ್ಬ ನಲವತ್ತರ ಗಂಡಸು. ಆಮೇಲೆ ಇವರು ನನ್ನ ಹತ್ರ ಬಂದು ಎರಡೂ ಕೈ ಮುಂದೆ ಚಾಚಿದ್ರು." ಮೀನಾಕ್ಷಮ್ಮ ಲೋಟವನ್ನು ಕೆಳಗಿಟ್ಟಳು. "ಒಂದು ಮಾತು ಯಾರಿಗೂ ಹೇಳಿಲ್ಲ, ಈಗ ಹೇಳ್ತೀನಿ. ಜೀಪಿನಲ್ಲಿ ಕೂತಾಗ ನಾನೇ ಇವರ ಕಿವೀಲಿ ಅಂದೆ, 'ಹಿಂದೆ ಏನಿತ್ತೋ ಗೊತ್ತಿರಲಿಲ್ಲ ಅಂತ ಹೇಳ್ರೀ, ಎಲ್ಲಾ ಡ್ರೈವರೂ ಹಂಗೇ ಹೇಳೋದು' ಅಂತ. ಮೂವತ್ತು ವರ್ಷದ ನೌಕರೀಲಿ ಆರೋಪಿಗೆ ಹಂಗೆ ಹೇಳಿಕೊಟ್ಟಿದ್ದು ಅದೊಂದೇ ಸಲ. ಅಷ್ಟು ಜನರನ್ನ ಹೊತ್ತಿದ್ದು ನೋಡಿ ನನಗೆ ಮನಸ್ಸು ತಡೀಲಿಲ್ಲ."

"ಅವರೇನಂದ್ರು?" ಯಶೋದಾ ಕೇಳಿದಳು.

"'ನೀವು ಒಳ್ಳೇವ್ರು ಮೇಡಂ. ಆದ್ರೆ ಗೊತ್ತಿತ್ತಲ್ಲ' ಅಂದ್ರು."

ಯಶೋದಾ ಗಂಡನ ಕಡೆ ತಿರುಗಿದಳು. ಬೆಳಗಿನಿಂದ ಅಳದಿದ್ದವಳು ಆಗಲೂ ಅಳಲಿಲ್ಲ. ಅವಳ ಮುಖದಲ್ಲಿ ಸಣ್ಣ ನಗುವೇ ಬಂದು ಹೋಯಿತು. "ಹಂಗೇ ಅಂದಿರ್ತಾರೆ," ಎಂದಳು.

* * *

ಜಾಮೀನಿನ ಮೇಲೆ ಹೊರಬಂದಿದ್ದ ರುದ್ರಮೂರ್ತಿ ಕೋರ್ಟಿನಲ್ಲಿ ಹೇಳಿಕೆ ಕೊಡುವ ಹಿಂದಿನ ದಿನ ಸೋಮಶೇಖರಪ್ಪ ಚಿಕ್ಕಮಗಳೂರಿನ ವಕೀಲರನ್ನು ಮನೆಗೇ ಕರೆತಂದಿದ್ದರು. ವಕೀಲರು ಸರಳವಾಗಿ ಬಿಡಿಸಿ ಹೇಳಿದರು. ಒಳಗೆ ಜನ ಇರುವುದು ತನಗೆ ತಿಳಿದಿರಲಿಲ್ಲ, ಸದ್ದು ಕೇಳಿದ ಕೂಡಲೇ ಬೀಗ ಒಡೆದೆ. ಇಷ್ಟು ಹೇಳಿದರೆ ಸಾಕು, ಬಿಡುಗಡೆ ಖಂಡಿತ.

"ನಾನು ಹಂಗಂದ್ರೆ ಏಜೆಂಟನ ಗತಿ ಏನಾಯ್ತದೆ ಸಾರ್?" ರುದ್ರಮೂರ್ತಿ ಕೇಳಿದ.

"ಬದುಕಿದವರು ಜಾರ್ಖಂಡಿನಿಂದ ಸಾಕ್ಷಿಗೆ ಬರಲ್ಲ, ಅವನ ಮೇಲೆ ಬೇರೆ ಗಟ್ಟಿ ಸಾಕ್ಷಿ ಇಲ್ಲ. ಅವನೂ ಬಚಾವಾಗ್ತಾನೆ."

"ನಿನಗ್ಯಾಕೋ ಅವನ ಚಿಂತೆ?" ಸೋಮಶೇಖರಪ್ಪ ಸಿಡಿದರು. "ಮನೇಲಿ ಬೆಳೆದ ಮಗಳವಳೆ. ಕೊಲೆ ಮಾಡಿ ಜೈಲಿಗೆ ಹೋದವನ ಮಗಳು ಅನ್ನಿಸ್ಕೋಬೇಕಾ ಅವಳು?"

ಅಮೂಲ್ಯಾ ಆಗ ನರ್ಸಿಂಗ್ ಓದುತ್ತಿದ್ದಳು, ಹತ್ತೊಂಬತ್ತು ವರ್ಷ. ಅವಳೂ ದೊಡ್ಡಪ್ಪನ ಪರವಾಗಿಯೇ ಅತ್ತಳು. "ಒಂದು ಮಾತು ಅಪ್ಪ. ಒಂದೇ ಸುಳ್ಳು. ನನಗೋಸ್ಕರ."

ರುದ್ರಮೂರ್ತಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆಮೇಲೆ ಹೇಳಿದ: "ಆ ಹುಡುಗೀಗೂ ನಿನ್ನಷ್ಟೇ ವಯಸ್ಸು ಕಣಮ್ಮ. ನೀರು ತುಂಬಿಸ್ಕೊಂಡು ಹೋದ್ಲು. ನಾನು ಏನೂ ಗೊತ್ತಿರಲಿಲ್ಲ ಅಂದ್ರೆ, ಅವಳು ನನ್ನ ಗಾಡೀಲಿ ಇರಲೇ ಇಲ್ಲ ಅಂದಂಗಾಯ್ತದೆ."

ಮಾರನೆಯ ದಿನ ಕಟಕಟೆಯಲ್ಲಿ ನಿಂತು ಎಲ್ಲ ಹೇಳಿದ. ಜನ ಹತ್ತಿದ್ದು, ಬೀಗ ಹಾಕಿದ್ದು, ಕೀಲಿ ಯಾರ ಜೇಬಿಗೆ ಹೋಯಿತೆಂಬುದು. "ಅವರ ಮೇಲೆ ಕನಿಕರವೂ ಇತ್ತು, ಬಾಡಿಗೆ ಆಸೇನೂ ಇತ್ತು ಸ್ವಾಮಿ. ಬಡಿಯೋದು ಕೇಳಿಸ್ತು. ಇಪ್ಪತ್ತು ನಿಮಿಷ ಕಾದೆ. ಅದನ್ನೂ ಬರ್ಕೊಳಿ."

ಏಜೆಂಟನಿಗೆ ಏಳು ವರ್ಷ, ರುದ್ರಮೂರ್ತಿಗೆ ಮೂರು ವರ್ಷ ಶಿಕ್ಷೆಯಾಯಿತು. ಯಶೋದಾ ತಿಂಗಳಿಗೆರಡು ಸಲ ಜೈಲಿಗೆ ಬಸ್ಸು ಹತ್ತಿದಳು. ಸೋಮಶೇಖರಪ್ಪ ಒಮ್ಮೆಯೂ ಹೋಗಲಿಲ್ಲ. ಪ್ರತಿ ಸಲವೂ ರುದ್ರಮೂರ್ತಿ, "ಅಣ್ಣ ಚೆನ್ನಾಗವನಾ? ಮಂಡಿಕಾಲು ನೋವು ಕಮ್ಮಿ ಆಯ್ತಾ?" ಎಂದು ಕೇಳುತ್ತಿದ್ದ. ಯಶೋದಾ ಊರಿಗೆ ಬಂದು ಭಾವನವರಿಗೆ ಅದನ್ನು ಒಂದು ಸಲವೂ ತಪ್ಪದೆ ಮುಟ್ಟಿಸುತ್ತಿದ್ದಳು.

* * *

ಎರಡು ಗಂಟೆಯ ಹೊತ್ತಿಗೆ ಬೀದಿ ತುಂಬಿತ್ತು. ತರೀಕೆರೆಯಿಂದ, ಬೀರೂರಿನಿಂದ, ಕಡೂರಿನಿಂದ ಡ್ರೈವರುಗಳು ಬಂದಿದ್ದರು. ಕೆಲವರು ಲೋಡ್ ತುಂಬಿದ ಲಾರಿಯನ್ನು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ, ಖಾಕಿ ಅಂಗಿಯಲ್ಲೇ ಬಂದಿದ್ದರು.

"ಇಷ್ಟು ಜನಕ್ಕೆ ಇವನ ಪರಿಚಯ ಹೆಂಗೆ?" ಸೋಮಶೇಖರಪ್ಪ ತಮ್ಮಷ್ಟಕ್ಕೆ ತಾವೇ ಎಂಬಂತೆ ಕೇಳಿದರು.

ಪಕ್ಕದಲ್ಲಿದ್ದ ಧರ್ಮೇಶ್ ಹೇಳಿದ: "ಬಿಡುಗಡೆಯಾಗಿ ಬಂದ ಮೇಲೆ ರುದ್ರಣ್ಣ ಸ್ಟೇರಿಂಗ್ ಮುಟ್ಟಲಿಲ್ಲ. ಭಾನುವಾರ ಭಾನುವಾರ ನನ್ನ ಸ್ಕೂಲಿಗೆ ಬರೋರು. ಹೆವಿ ಲೈಸನ್ಸಿಗೆ ಬರೋರೆಲ್ಲರ ಮುಂದೆ ನಿಂತು, 'ನನ್ನ ಗಾಡೀಲಿ ಇಬ್ಬರು ಸತ್ತವ್ರೆ' ಅಂತಲೇ ಶುರು ಮಾಡೋರು. ಆ ಇಬ್ಬರ ಹೆಸರು ಹೇಳೋರು. 'ಮಾಲೀಕ ಹೇಳ್ದ, ಏಜೆಂಟ್ ಹೇಳ್ದ ಅನ್ನಬೇಡಿ. ಸೀಟಲ್ಲಿ ಕೂತಿರೋನು ನೀನು' ಅನ್ನೋರು. ಒಂದು ಸಲ ಯಾವನೋ ನಕ್ಕ. ಅವನು ಸುಮ್ಮನಾಗೋವರೆಗೂ ಕಾದು, ಮತ್ತೆ ಮೊದಲಿಂದ ಹೇಳಿದ್ರು. ಮೊನ್ನೆ ಹೊಸದುರ್ಗದ ರೋಡಲ್ಲಿ ನಮ್ಮ ಹುಡುಗನೊಬ್ಬ ಕಂಟೇನರಿಗೆ ಜನ ತುಂಬ್ಸಲ್ಲ ಅಂತ ಕೆಲಸಾನೇ ಬಿಟ್ಟು ಬಂದ. ಅವನೂ ಬಂದವನೆ, ಅಲ್ಲಿ ನೋಡಿ."

"ಸತ್ತೋರ ಮನೆಯೋರಿಗೆ ಇದೆಲ್ಲ ಗೊತ್ತಾ?"

"ಕಾಗದ ಬರೆದಿದ್ರು ದೊಡ್ಡಪ್ಪ," ಎಂದಳು ಅಮೂಲ್ಯಾ. "ನಾನೇ ಹಿಂದೀಲಿ ಬರೆದುಕೊಟ್ಟೆ. ಉತ್ತರ ಬರಲಿಲ್ಲ. 'ಬರಲೇಬೇಕು ಅಂತೇನಿಲ್ಲ ಕಣಮ್ಮ' ಅಂದ್ರು."

ಸೋಮಶೇಖರಪ್ಪ ಹೋಗಿ ತಮ್ಮನ ಕುರ್ಚಿಯ ಪಕ್ಕದಲ್ಲಿ ನಿಂತರು.

ತರೀಕೆರೆ ರಸ್ತೆಯ ರುದ್ರಭೂಮಿಯಲ್ಲಿ ಗುಣಿ ಸಿದ್ಧವಾಗಿತ್ತು. ಆಳಕ್ಕೆ ತೋಡಿ, ಒಂದು ಬದಿಯಲ್ಲಿ ಕೂರಿಸಲು ಗೂಡು ಕೊರೆದಿದ್ದರು. ಮಠದ ಸ್ವಾಮಿಗಳು ಬಿಲ್ವಪತ್ರೆ, ವಿಭೂತಿ ಸರಿಮಾಡಿಕೊಂಡು ಕೇಳಿದರು:

"ಲಿಂಗೈಕ್ಯರ ಕಾಯಕ ಏನಿತ್ತು?"

ಸೋಮಶೇಖರಪ್ಪ ಅಭ್ಯಾಸವಾದವರಂತೆ ಥಟ್ಟನೆ ಹೇಳಿದರು: "ವ್ಯಾಪಾರ, ಬುದ್ಧಿ. ನಮ್ಮ ಮಂಡಿ..."

"ಅಲ್ಲ ಬುದ್ಧಿ," ಎಂದಳು ಯಶೋದಾ. ಅವಳ ದನಿ ಜೋರಾಗಿರಲಿಲ್ಲ, ಆದರೆ ಕೊನೆಯ ಸಾಲಿನ ಡ್ರೈವರುಗಳವರೆಗೂ ಕೇಳಿಸಿತು. "ಭಾವ ಬೇಜಾರು ಮಾಡ್ಕೋಬೇಡಿ. ನಮ್ಮೆಜಮಾನ್ರು ಲಾರಿ ಡ್ರೈವರ್. ಇಪ್ಪತ್ತೊಂಬತ್ತು ವರ್ಷ ಗಾಡಿ ಓಡಿಸಿದ್ರು. ಅವರ ಗಾಡೀಲಿ ಇಬ್ಬರ ಜೀವ ಹೋಯ್ತು. ನಂದೇ ತಪ್ಪು ಅಂತ ಒಪ್ಕೊಂಡು ಜೈಲಿಗೆ ಹೋಗಿ ಬಂದ್ರು. ಯಾರೂ ಒತ್ತಾಯ ಮಾಡಿರಲಿಲ್ಲ. ಇಷ್ಟೂ ಹೇಳಿ ಮಣ್ಣು ಕೊಡಿ."

ಸ್ವಾಮಿಗಳು ಅವಳನ್ನೇ ನೋಡಿದರು. "ಹಾಗೇ ಆಗಲಿ ತಾಯಿ," ಎಂದು ಗುಣಿಯ ಅಂಚಿಗೆ ನಡೆದರು.

"ಒಳಗೆ ಇಳಿದು ದೇಹ ತಗೊಳೋರು ಯಾರು?"

ಧರ್ಮೇಶ್ ಪ್ಯಾಂಟು ಮಡಚತೊಡಗಿದ. ಅಷ್ಟರಲ್ಲಿ ಸೋಮಶೇಖರಪ್ಪ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ಇರಪ್ಪಾ. ನಾನಿಳೀತೀನಿ."

"ಬ್ಯಾಡ ದೊಡ್ಡಪ್ಪ, ನಿಮ್ಮ ಕಾಲು..."

"ನಾನು ಅವನ ಅಣ್ಣ ಕಣೇ," ಎಂದರು.

ಇಬ್ಬರು ಕೈ ಕೊಟ್ಟರು. ಸೋಮಶೇಖರಪ್ಪ ಗುಣಿಯ ಗೋಡೆಯನ್ನು ಉಗುರಿನಿಂದ ಗೀರಿಕೊಂಡೇ ಜಾರಿ ಕೆಳಗಿಳಿದರು. ಮೇಲಿನವರು ಪಂಚೆಯ ನಾಲ್ಕು ತುದಿ ಹಿಡಿದು ರುದ್ರಮೂರ್ತಿಯನ್ನು ನಿಧಾನವಾಗಿ ಇಳಿಬಿಟ್ಟರು. ಕೆಳಗಿದ್ದ ಸೋಮಶೇಖರಪ್ಪ ಎರಡೂ ತೋಳು ಮೇಲೆತ್ತಿ ತಮ್ಮನ ಭಾರವನ್ನು ಎದೆಯ ಮೇಲೆ ತೆಗೆದುಕೊಂಡರು. ವಿಭೂತಿ ಬಳಿದ ತಲೆ ವಾಲಿ ಅವರ ಹೆಗಲ ಮೇಲೆ ಬಂದು ನಿಂತಿತು.

"ಗೂಡಿಗೆ ಕೂರಿಸ್ಬಿಡಿ ಸೋಮಶೇಖರಪ್ನೋರೇ," ಎಂದ ಮೇಲಿನಿಂದ ಧರ್ಮೇಶ್.

"ಇರ್ರೋ ಸ್ವಲ್ಪ," ಎಂದರು ಅವರು ತಲೆಯೆತ್ತದೆ.

ಕೆಮ್ಮಣ್ಣು ಉದುರಿ ಅವರ ನರೆಗೂದಲಿನ ಮೇಲೆ ಬೀಳುತ್ತಿತ್ತು. ತಮ್ಮನ ಬೆನ್ನಿನ ಮೇಲೆ ಎರಡೂ ಅಂಗೈಗಳನ್ನು ಅಗಲವಾಗಿ ಊರಿ, ನೋಯುವ ಮಂಡಿಗಳ ಮೇಲೆ ಅವರು ಹಾಗೆಯೇ ನಿಂತಿದ್ದರು. ಮೇಲಿದ್ದವರು ಯಾರೂ ಅವಸರ ಮಾಡಲಿಲ್ಲ.