ಮಾರ್ಗರೆಟ್, 3-42

ನಲವತ್ತೆರಡು ವರ್ಷ ಒಂದು ಹೆಸರನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಮೂರು ಹೊತ್ತು ರೊಟ್ಟಿ ಬಡಿಯುವುದು ಸಾಮಾನ್ಯದ ಮಾತಲ್ಲ. ತೇರದಾಳದ ಬಾಳವ್ವ ಅದನ್ನು ಮಾಡಿದ್ದಳು. ಆ ಹೆಸರು ಮಾರ್ಗರೆಟ್.

ಬಾಳವ್ವನಿಗೆ ಈಗ ಎಪ್ಪತ್ತೈದು. ಗಂಡ ಪಾರಿಸಪ್ಪನಿಗೆ ಎಂಬತ್ತೊಂದು. ಮದುವೆಯಾದ ಮರುವರ್ಷವೇ ಅವನು ಸಾಂಗಲಿಯ ಗೆಳೆಯನೊಬ್ಬನ ಬೆನ್ನು ಹತ್ತಿ ಬ್ರಿಟನ್ನಿಗೆ ಹೋದ. ಮೊದಲು ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದ. 1972ರಿಂದ ಮುಂದೆ ಹನ್ನೊಂದು ವರ್ಷ ಲಂಡನ್ನಿನಿಂದ ಎಡಿನ್‌ಬರೋಗೆ ದೂರದ ಕೋಚ್ ಓಡಿಸಿದ. ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ, ಎರಡು ತಿಂಗಳಿದ್ದು ಹೋಗುತ್ತಿದ್ದ. 1983ರಲ್ಲಿ ಕೊನೆಗೂ ಗಂಟುಮೂಟೆ ಕಟ್ಟಿಕೊಂಡು ವಾಪಸಾದ. ಅವನು ಬಚ್ಚಲಿಗೆ ಹೋದಾಗ ಬಾಳವ್ವ ಪೆಟ್ಟಿಗೆ ಬಿಚ್ಚಿದಳು. ಉಣ್ಣೆಯ ಕೋಟಿನ ಕೆಳಗೆ ಸಿಕ್ಕಿದ್ದು ನೀಲಿ ರಟ್ಟಿನ ಒಂದು ಸಣ್ಣ ಪುಸ್ತಕ.

ಓದುಬರಹ ಬಲ್ಲ ಹೆಂಗಸು ಅವಳು, ಬಸದಿಯ ಪಾಠಶಾಲೆಯಲ್ಲಿ ಕಲಿತವಳು. ನಡುವಿನ ಒಂದು ಹಾಳೆ ತೆರೆದಳು. ಗಂಡನದೇ ಕೈಬರಹ. ‘ಡಿಸೆಂಬರ್ 14, ಮಾರ್ಗರೆಟ್, 3-42.’ ಅದರ ಕೆಳಗೆ ಇನ್ನೊಂದು ಸಾಲು, ಮತ್ತೆ ಮಾರ್ಗರೆಟ್. ನಾಲ್ಕು ಹಾಳೆ ಮುಂದೆ ಹೋದರೆ ‘ಜೂನ್ 20, ಮಾರ್ಗರೆಟ್, 9-46.’ ಒಂದು ದಿನ ಮಧ್ಯಾಹ್ನ, ಇನ್ನೊಂದು ದಿನ ಕಗ್ಗತ್ತಲ ರಾತ್ರಿ! ಕೆಲವು ಸಾಲಿನ ತುದಿಗೆ ದುಂಡಗೆ ಒಂದು ಸೊನ್ನೆ. ಅವಳು ಬರಲಿಲ್ಲವೆಂದು ಅರ್ಥ, ಇನ್ನೇನಿರುತ್ತದೆ? ಹನ್ನೊಂದು ವರ್ಷದ ಭೇಟಿಗಳನ್ನು ಈ ಮನುಷ್ಯ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿದ್ದ. ನಾಚಿಕೆಗೆಟ್ಟವನು ಬರೆದಿದ್ದಾದರೂ ಅಚ್ಚ ಕನ್ನಡದಲ್ಲಿ!

ಬಾಳವ್ವ ಪುಸ್ತಕವನ್ನು ತನ್ನ ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟು ಟ್ರಂಕಿಗೆ ಕೀಲಿ ಹಾಕಿದಳು. ಮರುದಿನ ಗಂಡ ಕೇಳಿದ, “ನೀಲಿ ರಟ್ಟಿನ ಪುಸ್ತಕೊಂದು ಕಂಡಿಯೇನ ಬಾಳಾ?” ಅವಳು ಕಣ್ಣಲ್ಲಿ ಕಣ್ಣಿಟ್ಟು, “ಇಲ್ರಿ” ಎಂದಳು. ಅವನ ಮುಖ ಸಣ್ಣದಾದದ್ದನ್ನು ನೋಡಿ ಅವಳ ಅನುಮಾನ ಕಲ್ಲಾಯಿತು.

ಯಾಕೆ ಕೇಳಲಿಲ್ಲವೆಂದರೆ, ಕೇಳಿ ಅವನು ಹೌದೆಂದುಬಿಟ್ಟರೆ? ಹತ್ತು ವರ್ಷದ ಮಗನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಇಲ್ಲವೆಂದರೆ ತಾನು ನಂಬುವವಳಲ್ಲ. ಹಾಗಾಗಿ ಪುರಾವೆ ತನ್ನ ಕೈಯಲ್ಲಿರಲಿ ಎಂದುಕೊಂಡಳು. ಆಮೇಲೆ ಅವಳ ಕಣ್ಣಿಗೆ ಎಲ್ಲವೂ ಪುರಾವೆಯೇ. ಸಂಜೆಯಾಯಿತೆಂದರೆ ಗಂಡ ಕಟ್ಟೆಯ ಮೇಲೆ ಕೂತು ಪಡುವಣ ದಿಕ್ಕಿಗೆ ನೋಡುತ್ತಿದ್ದ, ನಡುನಡುವೆ ಕೈಗಡಿಯಾರ ನೋಡುತ್ತಿದ್ದ. ಆ ಊರು ನೆನಪಾಯಿತು, ಆಕೆಯ ಹೊತ್ತು ನೆನಪಾಯಿತು ಎಂದು ಇವಳು ಒಳಗೇ ಕುದಿಯುತ್ತಿದ್ದಳು. ಜಮಖಂಡಿ ಸಂತೆಯಲ್ಲಿ ಹಸಿ ಬಟಾಣಿ ಕಂಡರೆ ಸಾಕು, ಅವನ ಮುಖ ಅರಳುತ್ತಿತ್ತು. ಬಟಾಣಿ ಕಂಡು ಯಾವ ಗಂಡಸಿನ ಮುಖ ಅರಳುತ್ತದೆ ಹೇಳಿ! ಅಂಚೆಯವನು ಓಣಿಯ ತಿರುವಿಗೆ ಬಂದಾಗಲೇ ಹೊರಗೆ ಬಂದು ನಿಲ್ಲುತ್ತಿದ್ದಳು. ವಿದೇಶದ ಕಾಗದ ಒಂದೂ ಬರಲಿಲ್ಲ. ಬಾರದಿದ್ದದ್ದೂ ಅವಳಿಗೆ ಅನುಮಾನವೇ. ಇಷ್ಟು ಜಾಣತನದಿಂದ ಮುಚ್ಚಿಟ್ಟಿದ್ದಾರೆಂದರೆ ವಿಷಯ ಎಷ್ಟು ದೊಡ್ಡದಿರಬೇಕು?

ಆದರೂ ಒಂದು ಸಮಾಧಾನ ಅವಳಿಗಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಪುಸ್ತಕ ತೆಗೆದು ಸೊನ್ನೆಗಳನ್ನು ಎಣಿಸುತ್ತಿದ್ದಳು. ಮುನ್ನೂರ ಹನ್ನೊಂದು. ಮುನ್ನೂರ ಹನ್ನೊಂದು ದಿನ ಆ ಮಾರ್ಗರೆಟ್ ಕೈಕೊಟ್ಟಿದ್ದಳು. ಪ್ರತಿ ಸೊನ್ನೆಗೂ ಬಾಳವ್ವನ ಜೀವ ತುಸು ತಣ್ಣಗಾಗುತ್ತಿತ್ತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಜೈನರ ಮನೆಗಳಲ್ಲಿ ಕ್ಷಮಾವಾಣಿ. ಆ ದಿನ ದೊಡ್ಡವರು ಸಣ್ಣವರೆನ್ನದೆ ಕೈಜೋಡಿಸಿ, ವರ್ಷದಲ್ಲಿ ಆದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು, ಕೊಡಬೇಕು. ಗೋಡೆಯ ವಿಷಯಕ್ಕೆ ಕೋರ್ಟು ಹತ್ತಿಸಿದ ಪಕ್ಕದ ಮನೆಯವರಿಗೂ ಬಾಳವ್ವ ‘ಉತ್ತಮ ಕ್ಷಮಾ’ ಎಂದವಳು. ಗಂಡನಿಗೆ ಮಾತ್ರ ಎಂದಿರಲಿಲ್ಲ. ಅವನು ಕೈಜೋಡಿಸಿ ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ನಲವತ್ತೆರಡು ವರ್ಷ ಆ ಹಾಲು ಉಕ್ಕುತ್ತಲೇ ಇತ್ತು.

ಈ ವರ್ಷ ಪಾರಿಸಪ್ಪ ಎದೆನೋವಿನಿಂದ ಎರಡು ಸಲ ಜಮಖಂಡಿಯ ಆಸ್ಪತ್ರೆ ಕಂಡು ಬಂದಿದ್ದ. ಕ್ಷಮಾವಾಣಿಯ ಬೆಳಿಗ್ಗೆ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕೈಜೋಡಿಸಿದ.

“ಬಾಳಾ, ಮುಂದಿನ ವರ್ಷಕ್ಕ ನಾ ಇರ್ತೇನೋ ಇಲ್ಲೋ. ಈ ಸಲರ ಬಾಯಿ ಬಿಟ್ಟು ಅನ್ನು.”

“ಸರೀರಿ ಅತ್ಲಾಗ, ಹಾಲ ಉಕ್ಕತೈತಿ” ಎಂದಳು ಬಾಳವ್ವ. ಒಲೆಯ ಮೇಲೆ ಹಾಲಿರಲಿಲ್ಲ. ಅದು ಇಬ್ಬರಿಗೂ ಕಾಣುತ್ತಿತ್ತು.

ಅವನು ಹೋದ ಮೇಲೆ ಅವಳು ಟ್ರಂಕಿನ ಕೀಲಿ ಹುಡುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವತ್ತು ಸಂಜೆ ಪುಸ್ತಕವನ್ನು ಅವನ ತಾಟಿನ ಪಕ್ಕಕ್ಕಿಡುವುದೆಂದು ನಿಶ್ಚಯಿಸಿದಳು. ಖರೆ ಹೇಳಿದರೆ ಕ್ಷಮಾ. ಸುಳ್ಳು ಹೇಳಿದರೆ, ಈ ಜನ್ಮಕ್ಕೆ ಅವನಿಗೂ ಇಲ್ಲ, ತನಗೂ ಇಲ್ಲ. ಅಂಥದೊಂದು ಗಂಟು ಇಟ್ಟುಕೊಂಡು ಅವನನ್ನು ಕಳಿಸಿಕೊಡುವುದು ಅವಳಿಗೂ ಹೆದರಿಕೆಯೇ.

ಸಂಜೆ ಮಗ ಸೊಸೆ ಬಸದಿಗೆ ಹೋದರು. ಬಾಳವ್ವ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮುಚ್ಚಿಟ್ಟು, ಟ್ರಂಕು ತೆರೆದು ಪುಸ್ತಕವನ್ನು ಸೆರಗಿನೊಳಗೆ ಸೇರಿಸಿದಳು. ಗಂಡನಿಗೆ ಬಡಿಸುವುದು ಆರಕ್ಕೆ. ಇನ್ನೇನು ಕರೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತಿತು. ಬಂದವನು ಜಮಖಂಡಿಯ ಶಶಿಕಾಂತ. ಎರಡು ಸ್ಲೀಪರ್ ಕೋಚ್ ಇಟ್ಟುಕೊಂಡು ಊರೂರಿಗೆ ಓಡಿಸುವವನು, ಮಾತಿನ ಮಲ್ಲ.

“ಉತ್ತಮ ಕ್ಷಮಾ ಕಾಕಾ. ಒಂದ್ ತೊಡಕ ಆಗೇತ್ರಿ. ಶ್ರವಣಬೆಳಗೊಳಕ್ಕ ಹೊಸಾ ಕೋಚ್ ಬಿಡಾಕತ್ತೇನಿ. ಬನಹಟ್ಟಿ, ತೇರದಾಳದ ಜೈನ ಮಂದಿನ ಹೆಚ್ಚ ಬರ್ತಾರ. ನಮ್ಮ ಡ್ರೈವರ್ ಒಂಬತ್ತಕ್ಕ ಧಾಬಾ ಮುಂದ ನಿಲ್ಲಸ್ತಾನ. ಹೊತ್ತ ಮುಳುಗಿದ ಮ್ಯಾಲ ಇವ್ರ್ಯಾರೂ ಉಣ್ಣಂಗಿಲ್ಲ, ಉಪಾಸ ಕುಂದ್ರತಾರ. ಎಲ್ಲಿ ನಿಲ್ಲಸ್ಬೇಕು, ಎಷ್ಟೊತ್ತಿಗೆ ನಿಲ್ಲಸ್ಬೇಕು, ನಂಗ ತಿಳೀವಲ್ದು.”

“ಲೋಕಾಪುರದಾಗ ನಿಲ್ಲಸು” ಎಂದ ಪಾರಿಸಪ್ಪ, “ಆದ್ರ ವ್ಯಾಳೆ ತಿಂಗಳಿಗೊಮ್ಮೆ ಬದಲ ಮಾಡ್ಬೇಕು. ಅದಕ್ಕ ಒಂದ್ ಪುಸ್ತಕ ಇಡ್ಬೇಕಪಾ. ನಾ ಅಲ್ಲಿ ಇಟ್ಟಿದ್ದೆ.”

ಬಾಗಿಲ ಹಿಂದೆ ಬಾಳವ್ವನ ಕೈ ಸೆರಗಿನೊಳಗೆ ಬಿಗಿಯಾಯಿತು. ಪುಸ್ತಕದ ಮಾತು ಅವನ ಬಾಯಿಂದಲೇ, ಅದೂ ಪರರ ಮುಂದೆ!

“ಅಲ್ಲಿ ಹೊತ್ತು ನಮ್ಮಂಗ ಅಲ್ಲ. ನಮ್ಮಲ್ಲಿ ಯಾವಾಗ ಮುಳುಗಿದ್ರೂ ಆರರಿಂದ ಏಳರೊಳಗ. ಅಲ್ಲಿ ಡಿಸೆಂಬರಿನ್ಯಾಗ ಮೂರೂ ನಾಲ್ವತ್ತಕ್ಕ ಮುಳುಗತೈತಿ.”

“ಮಧ್ಯಾಹ್ನರಿ?” ಎಂದ ಶಶಿಕಾಂತ.

“ಹೂಂ. ಬ್ಯಾಸಗ್ಯಾಗ ರಾತ್ರಿ ಒಂಬತ್ತೂ ಮುಕ್ಕಾಲರ ತನ ಬಿಸಿಲು. ದಿನಾ ಮುಂಜಾನೆ ಪೇಪರ್ ನೋಡಿ ಬರ್ಕೋತಿದ್ದೆ. ಗಾಡಿ ಲೈಟ್ ಹಚ್ಚೂ ವ್ಯಾಳೆ ಅಂತ ಅಲ್ಲಿ ಪೇಪರಿನ್ಯಾಗ ಹಾಕ್ತಿದ್ರು, ಅದರ ಬಾಜೂಕ ಹೊತ್ತು ಮುಳುಗೂದೂ ಇರ್ತಿತ್ತು. ಅದರೊಳಗ ಗಾಡಿ ಮಾರ್ಗರೆಟ್ ಬಾಯಿ ಕ್ಯಾಂಟೀನಿಗೆ ಮುಟ್ಟಬೇಕು. ದಾರಿ ತುಂಬ ಅದೊಂದ ಜಾಗಾ ನನಗ ಅನ್ನ ಸಿಗೂದು. ಉಳಿದ ಕಡೆ ಎಲ್ಲಾ ಬಟಾಟಿ ಗಡ್ಡಿ, ಇಲ್ಲಾ ಮಾಂಸ.”

“ಆ ಬಾಯಿ ನಿಮಗ ಬ್ಯಾರೆ ಮಾಡ್ತಿದ್ಳಾ?”

“ನಮ್ಮವ್ವನಷ್ಟ ವಯಸ್ಸಿನ ಮುದುಕಿ. ಬಟಾಟಿ ಒಲ್ಲೆ, ಉಳ್ಳಾಗಡ್ಡಿ ಒಲ್ಲೆ ಅಂದ್ರ ಹುಚ್ಚ ಅಂತ ನಗ್ತಿದ್ಳು. ಆದ್ರ ನನಗಂತ ಒಂದ್ ಗಡಗಿ ತೆಗೆದಿಟ್ಟಿದ್ಳು, ಅದರಾಗ ಬ್ಯಾರೆ ಏನೂ ಕುದಸ್ತಿರ್ಲಿಲ್ಲ. ಹಸಿ ಬಟಾಣಿ, ಅನ್ನ. ಒಂದ್ಸಲ ಹಿಮಾ ಬಿದ್ದು ಗಾಡಿ ತಡಾ ಆತು. ಹೊತ್ತು ಮುಳುಗಾಕ ಎರಡ ನಿಮಿಷ ಇತ್ತು. ಮುದುಕಿ ತಾಟಿಗೆ ಅರಿವಿ ಸುತಗೊಂಡು ರೋಡಿನ ಮ್ಯಾಲ ಬಂದು ನಿಂತಿದ್ಳು.”

“ತಡಾ ಆದ್ರ ಏನ್ ಮಾಡ್ತಿದ್ರಿ?”

“ಸೊನ್ನಿ. ಪುಸ್ತಕದಾಗ ಸೊನ್ನಿ ಬರದು, ನೀರ ಕುಡದು ಗಾಡಿ ಹೊಡೀತಿದ್ದೆ. ಚಳಿಗಾಲದಾಗ ವಾರಕ್ಕ ಎರಡ್ಮೂರು ಸೊನ್ನಿ. ಒಮ್ಮೊಮ್ಮೆ ಕೈ ನಡಗಿ ಸ್ಟೇರಿಂಗ್ ನಿಲ್ತಿರ್ಲಿಲ್ಲ.”

ಶಶಿಕಾಂತ ನಕ್ಕ. “ಅಲ್ರಿ ಕಾಕಾ, ಅಷ್ಟ ದೂರದಾಗ ಯಾರ್ ನೋಡ್ತಿದ್ರಿ? ಎರಡ ತುತ್ತ ತಿಂದಿದ್ರ ಏನಾಗ್ತಿತ್ತು?”

“ನಿಮ್ಮ ಕಾಕುಗ ಮಾತ ಕೊಟ್ಟಿದ್ದೆ” ಎಂದ ಪಾರಿಸಪ್ಪ. “ಹೋಗೂ ಮುಂದ ಬಸದ್ಯಾಗ ನಿಂದ್ರಿಸಿ ಆಣಿ ಮಾಡಿಸಿದ್ಳು. ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲ, ಗಡ್ಡಿ ಗೆಣಸು ಮುಟ್ಟಂಗಿಲ್ಲ ಅಂತ. ಹತ್ತೊಂಬತ್ತ ವರ್ಷದ ಹುಡುಗಿ, ಅಳಕೋತ ಹೇಳಿದ್ಳಪಾ. ಆಕಿಗೆ ತೋರಸ್ಬೇಕಂತ ಆ ಪುಸ್ತಕ ಜೋಪಾನ ಮಾಡಿ ತಂದೆ. ಪೆಟ್ಟಿಗ್ಯಾಗ ಇರ್ಲಿಲ್ಲ. ವಿಮಾನದಾಗ ಎಲ್ಲಿ ಬಿತ್ತೋ ಏನೋ. ಪುಸ್ತಕ ಇಲ್ದ ಬರೇ ಬಾಯಿಲೆ ಹೇಳಿದ್ರ ಬಡಾಯಿ ಆಗ್ತೈತಿ ಅಂತ ಸುಮ್ಮಾದೆ.”

ಶಶಿಕಾಂತ ಇನ್ನೂ ಏನೇನೋ ಕೇಳಿದ, ಬರೆದುಕೊಂಡ. ಬಾಳವ್ವನಿಗೆ ಅದೊಂದೂ ಕೇಳಲಿಲ್ಲ. ಆಣೆ ಮಾಡಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಸೂರ್ಯ ಎಂದರೆ ತೇರದಾಳದ ಸೂರ್ಯ, ಅವನು ರಾತ್ರಿ ಒಂಬತ್ತೂ ಮುಕ್ಕಾಲಿಗೆ ಎಲ್ಲಿಯಾದರೂ ಮುಳುಗಾನು ಎಂಬುದು ಈ ಎಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ. ಯಾಕೆ ಬರಬೇಕು? ಇಲ್ಲಿ ಅಂಗಳದ ತುಳಸಿಕಟ್ಟೆಯ ನೆರಳು ನೋಡಿಯೇ ಅವಳು ಒಲೆ ಆರಿಸುತ್ತಿದ್ದಳು, ಗಡಿಯಾರ ಬೇಕಾಗಿರಲಿಲ್ಲ. ಅಲ್ಲೇ ಕೂತು ಸೆರಗಿನಿಂದ ಪುಸ್ತಕ ತೆಗೆದು ಡಿಸೆಂಬರಿನ ಹಾಳೆ ತೆರೆದಳು. ಅವಳ ಮನಸ್ಸಿನಲ್ಲಿ ಇಷ್ಟು ವರ್ಷ ಕೆಂಪು ತುಟಿಯ ಹೆಂಗಸೊಬ್ಬಳು ನಿಂತಿದ್ದ ಜಾಗದಲ್ಲಿ ಈಗ ಒಬ್ಬ ಮುದುಕಿ, ತಾಟಿಗೆ ಬಟ್ಟೆ ಸುತ್ತಿಕೊಂಡು, ಹಿಮದಲ್ಲಿ ನಿಂತಿದ್ದಳು.

ಮೋಟರ್ ಸೈಕಲ್ ಹೋದ ಸದ್ದಾಯಿತು. “ಬಾಳಾ, ಊಟಕ್ಕ ಹಾಕ್ತೀಯೇನ?” ಎಂದು ಪಾರಿಸಪ್ಪ ಕರೆದ. ಅವಳು ತಾಟು ತಂದಿಟ್ಟಳು. ಅದರ ಪಕ್ಕದಲ್ಲಿ ನೀಲಿ ಪುಸ್ತಕ ಇಟ್ಟಳು. ಬೆಳಿಗ್ಗೆ ಯೋಚಿಸಿದ್ದೂ ಇದನ್ನೇ. ಆದರೆ ಬೆಳಿಗ್ಗೆ ಅವಳು ಕೇಳುವವಳಾಗಿದ್ದಳು, ಈಗ ಹೇಳಬೇಕಾದವಳು.

ಪಾರಿಸಪ್ಪ ಕನ್ನಡಕ ಏರಿಸಿ ನೋಡಿದ. ರಟ್ಟು ಸವರಿದ, ಹಾಳೆ ತಿರುವಿದ. ಇಳಕಲ್ ಸೀರೆಯಲ್ಲಿಟ್ಟ ಬೇವಿನೆಲೆಯ ಪುಡಿ ತೊಡೆಯ ಮೇಲೆ ಉದುರಿತು.

“ಎಲ್ಲಿತ್ತಿದು?”

“ನನ್ನ ಟ್ರಂಕಿನ್ಯಾಗ. ನೀವು ಬಂದ ದಿನದಿಂದ.”

ಅವನು ಅವಳನ್ನು ನೋಡಿದ, ಪುಸ್ತಕ ನೋಡಿದ. ಪ್ರತಿ ಸಾಲಿನಲ್ಲೂ ಇದ್ದ ಹೆಸರಿನ ಮೇಲೆ ಅವನ ಬೆರಳು ನಿಂತಿತು. ಮುದುಕನಾದರೂ ದಡ್ಡನಲ್ಲ, ತಿಳಿಯಿತು. ಮುಖಕ್ಕೆ ರಕ್ತ ಏರಿತು.

“ನಲವತ್ತೆರಡ ವರ್ಷ ಬಾಳಾ! ಒಂದ ಮಾತ ಕೇಳಬಾರದಿತ್ತೇನ? ಪ್ರತಿ ವರ್ಷ ನಿನ್ನ ಮುಂದ ಕೈ ಮುಗೀತಿದ್ದೆ, ಏನ ತಪ್ಪ ಮಾಡೇನಿ ಅಂತ ತಿಳೀದ ಮುಗೀತಿದ್ದೆ.”

ಬಾಳವ್ವ ಬಗ್ಗಿ ಹಾಳೆಯ ಮೇಲಿನ ಒಂದು ಸೊನ್ನೆಗೆ ಬೆರಳಿಟ್ಟಳು.

“ಈ ಸೊನ್ನಿ ಅದಾವಲ್ರಿ, ಆಕಿ ಬರಲಾರದ ದಿನಾ ಅಂತ ತಿಳಕೊಂಡಿದ್ದೆ. ಮುನ್ನೂರ ಹನ್ನೊಂದ ಅದಾವು. ನಾ ಎಣಿಸೇನಿ. ಒಂದೊಂದಕ್ಕೂ ಖುಷಿ ಪಟ್ಟೇನ್ರಿ. ನೀವು ಉಪಾಸ ಗಾಡಿ ಹೊಡದ ದಿನಕ್ಕ ನಾ ಇಲ್ಲಿ ಕುಂತು ಖುಷಿ ಪಟ್ಟೇನಿ.”

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಪಾರಿಸಪ್ಪ ರೂಢಿಯಂತೆ ಎರಡೂ ಕೈ ಎತ್ತಿದ. ಬಾಳವ್ವ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

“ನೀವ ಮುಗೀಬ್ಯಾಡ್ರಿ. ಇದು ನಂದು” ಎಂದು ತಾನು ಕೈಜೋಡಿಸಿದಳು. “ಉತ್ತಮ ಕ್ಷಮಾ.”

ಸಿಟ್ಟು ಇನ್ನೂ ಅವನ ಮುಖದಲ್ಲಿತ್ತು, ಇರಬೇಕಾದ್ದೇ. ತಾಟು ಎಳೆದುಕೊಂಡು ರೊಟ್ಟಿ ಮುರಿದವನು, ಕೈ ಅಲ್ಲೇ ನಿಲ್ಲಿಸಿ ಅಂಗಳದತ್ತ ನೋಡಿದ. ತುಳಸಿಕಟ್ಟೆಯ ಮೇಲೆ ಬಿಸಿಲಿರಲಿಲ್ಲ, ಹೊತ್ತು ಮುಳುಗಿತ್ತು. ಕೈಗಡಿಯಾರ ನೋಡಿದ. ಮುರಿದ ತುತ್ತನ್ನು ಮರಳಿ ಇಟ್ಟು ತಾಟು ದೂಡಿದ.

“ಪೆನ್ನ ಕೊಡು” ಎಂದ.

ಪಾರಿಸಪ್ಪ ಕೊನೆಯ ಹಾಳೆ ತೆರೆದು ಬರೆದ. ‘ತೇರದಾಳ, ಬಾಳವ್ವ, 6-36.’ ಅದರ ತುದಿಗೆ ದುಂಡಗೆ ಒಂದು ಸೊನ್ನೆ.

ಬಾಳವ್ವ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

“ಎರಡ ಸೊನ್ನಿ ಬರೀರಿ” ಎಂದಳು. “ನಾನೂ ಉಂಡಿಲ್ಲ.”