ಅಮೃತೂರಿನಿಂದ ಬಂದ ಬೀರು

ವೆಂಕಟರಂಗಯ್ಯ ಬೆಳಗಿನ ತಿಂಡಿ ಮುಗಿಸಿ, ಬಟವಾಡಿಯ ಬಾಡಿಗೆ ಮನೆಯ ವರಾಂಡದಲ್ಲಿ ಹಳೆಯ ಪೇಪರ್ ಹಾಸಿಕೊಂಡು ಬೀರುವಿನ ಮುಂದೆ ಕೂತರು. ಅದು ಅವರ ತಾಯಿ ಗುಬ್ಬಿಯಲ್ಲಿ ಮಾಡಿಸಿದ್ದ ತೇಗದ ಬೀರು. ಎರಡು ವರ್ಷದ ಹಿಂದೆ ಮಗಳು ಯಶಸ್ವಿನಿಯ ಮದುವೆಯಲ್ಲಿ ಅಮೃತೂರಿಗೆ ಹೋಗಿತ್ತು. ಕಳೆದ ತಿಂಗಳು ಟೆಂಪೋದಲ್ಲಿ ಅವಳ ಜೊತೆಗೇ ವಾಪಸ್ಸು ಬಂದಿತ್ತು.

ಬೀಗಿತಿ ಲಕ್ಷ್ಮೀದೇವಮ್ಮ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ನಮ್ದು ಗೃಹಪ್ರವೇಶ ಇದೆ. ಆ ಗುಜರಿ ಬೀರು ಇಟ್ಕೊಂಡು ನಾಲ್ಕು ಜನದ ಮುಂದೆ ಹೆಂಗೆ ತಲೆ ಎತ್ತೋದು? ಹೊಸದು ಕೊಡ್ಸಿ, ಇಲ್ಲಾ ಅದನ್ನೇ ಹೊಸದ್ರಂಗೆ ಮಾಡ್ಸಿ. ಬೀರು ಜೊತೇಲೇ ನಿಮ್ಮ ಹುಡುಗೀನೂ ಬರ್ಲಿ."

ಆ ಮಾತು ಕೇಳಿ ವೆಂಕಟರಂಗಯ್ಯನಿಗೆ ಒಂದು ರೀತಿಯ ನಿರಾಳವೇ ಆಗಿತ್ತು. ಹಾಗಾದರೆ ಜಗಳವೆಲ್ಲ ಬೀರುವಿನದ್ದೇ. ಅದು ಸರಿಹೋದರೆ ಸಂಸಾರವೂ ಸರಿಹೋಗುತ್ತದೆ.

ಹೊಸದು ಕೊಡಿಸುವ ಶಕ್ತಿ ಇರಲಿಲ್ಲ. ಬಿಳಿ ಪೇಂಟ್ ಬಳಿದುಬಿಡಿ ಎಂದಳು ಹೆಂಡತಿ ನಿಂಗಮ್ಮ. ಗುಬ್ಬಿಯ ಬಡಗಿ ಭೀಮರಾಜ್ ಒಪ್ಪಲಿಲ್ಲ. "ತೇಗಕ್ಕೆ ಪೇಂಟ್ ಬಳಿದ್ರೆ ಮರ ಉಸಿರುಕಟ್ಟುತ್ತೆ ರಂಗಣ್ಣ. ಸೋಪಿನ ನೀರಲ್ಲಿ ಜಿಡ್ಡು ತೆಗಿ. ಮರದ ಎಳೆ ಹೋದ ಕಡೆಗೇ ಸ್ಯಾಂಡ್ ಪೇಪರಲ್ಲಿ ಉಜ್ಜು. ಆಮೇಲೆ ಅಗಸೆ ಎಣ್ಣೆ ತಿಕ್ಕು, ಸಾಕು. ತಗ್ಗು ಬಿದ್ದಿದ್ರೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತು, ಆವಿಗೆ ಮರ ಉಬ್ಬಿ ಮೇಲೆ ಬರುತ್ತೆ" ಎಂದಿದ್ದ.

ಮೂರು ದಿನ ಉಜ್ಜಿದ ಮೇಲೆ ಹಳೆಯ ಕಪ್ಪು ಹೋಗಿ ಜೇನಿನ ಬಣ್ಣ ಕಾಣಿಸಿತು. ಹುಣಸೇಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆ ಹಿಡಿ ಹೊಳೆಯಿತು. ಉಳಿದಿದ್ದು ಎಡಬಾಗಿಲಿನ ಅಂಚಿನಲ್ಲಿದ್ದ ಒಂದು ತಗ್ಗು.

"ಯಶು, ಇಸ್ತ್ರಿಪೆಟ್ಟಿಗೆ ತಗೊಂಡ್ ಬಾಮ್ಮ. ಟೆಂಪೋಗೆ ಹತ್ಸೋವಾಗ ಎಲ್ಲೋ ತಗುಲ್ಸವ್ರೆ."

ಯಶಸ್ವಿನಿ ತಂದುಕೊಟ್ಟಳು. ಹೋಗದೆ ಅಲ್ಲೇ ನಿಂತಳು.

"ಟೆಂಪೋದಲ್ಲಿ ಆಗಿದ್ದಲ್ಲ ಅಪ್ಪಾಜಿ. ದೀಪಾವಳೀಲಿ ಆಗಿದ್ದು."

ವೆಂಕಟರಂಗಯ್ಯ ತಲೆ ಎತ್ತಿದರು. ತಗ್ಗು ಇದ್ದದ್ದು ಮಗಳ ಹಣೆಯ ಮಟ್ಟಕ್ಕೆ. ಅವಳ ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅಳಿಯ ಭಾನುಪ್ರಕಾಶ್ ಹೇಳಿದ್ದ; ಎಲ್ಲರೂ ನಂಬಿದ್ದರು.

"ಅವತ್ತೇ ನಿಮಗೆ ಫೋನ್ ಮಾಡಿ ಹೇಳಿದ್ನಲ್ಲ" ಎಂದಳು ಯಶಸ್ವಿನಿ. ದನಿಯಲ್ಲಿ ಕೋಪವಿರಲಿಲ್ಲ. "ಹೊಂದ್ಕೊಂಡು ಹೋಗಮ್ಮ ಅಂದ್ರಿ."

ಅವರಿಗೆ ನೆನಪಿತ್ತು. ಎಲ್ಲರೂ ನಂಬಿದ್ದರು ಎಂಬುದು ಸುಳ್ಳು. ಅವರು ನಂಬಿರಲಿಲ್ಲ, ನಂಬಿದಂತೆ ಇದ್ದುಬಿಟ್ಟಿದ್ದರು.

ಒಳಗಿನಿಂದ ನಿಂಗಮ್ಮ ಬಂದಳು. "ಅದನ್ನೆಲ್ಲ ಈಗ್ಯಾಕೆ ಎತ್ತಾಡ್ತೀಯ? ಗಂಡ ಅಂದ್ಮೇಲೆ ಒಂದೇಟು ಹೊಡೀದೆ ಇರ್ತಾನಾ? ನಾನು ತಿಂದಿಲ್ವಾ? ಬುಟ್ಟು ಹೋದ್ನಾ?"

ನಿಂಗಮ್ಮ ಗಂಡನನ್ನು ನೋಯಿಸಲು ಹೇಳಿದ್ದಲ್ಲ. ಊಟ ಆಯಿತು ಎನ್ನುವಷ್ಟೇ ಸಹಜವಾಗಿ ಹೇಳಿದ್ದಳು. ಮಗಳು ಅಪ್ಪನ ಮುಖ ನೋಡಲಿಲ್ಲ. ಅದನ್ನೇ ಅವರಿಗೆ ತಡೆಯಲಾಗಲಿಲ್ಲ. ಒದ್ದೆ ಬಟ್ಟೆ ಅವರ ಕೈಯಲ್ಲೇ ಇತ್ತು, ನೀರು ಪೇಪರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆ ದಿನ ಅವರು ಮತ್ತೆ ಕೆಲಸ ಮುಟ್ಟಲಿಲ್ಲ. ಗುರುವಾರ ಎಣ್ಣೆಯನ್ನಷ್ಟೇ ತಿಕ್ಕಿ, ತಗ್ಗನ್ನು ಹಾಗೇ ಬಿಟ್ಟರು.

ಶುಕ್ರವಾರ ಹತ್ತು ಗಂಟೆಗೆ ಭಾನುಪ್ರಕಾಶ್ ಟೆಂಪೋ ತಂದ. ಬೀರುವಿನ ಮೇಲೆ ಕೈಯಾಡಿಸಿ, "ಚೆನ್ನಾಗಿ ಮಾಡಿದ್ದೀರ ಮಾವ. ಅಮ್ಮಂಗೆ ಖುಷಿಯಾಗುತ್ತೆ" ಎಂದ.

"ಕೂತ್ಕೋ ಭಾನು. ಬೀರು ಬರಲ್ಲ. ಅವಳೂ ಬರಲ್ಲ."

ಭಾನುಪ್ರಕಾಶನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ದನಿ ತಗ್ಗಿಸಿದ. "ಮಾವ, ಸಿಟ್ಟಲ್ಲಿ ಏನೋ ಒಂದ್ಸಲ ಆಗೋಯ್ತು. ಆಮೇಲೆ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ವಾ? ಯಾರ ಮನೇಲಿ ಇಲ್ಲ ಹೇಳಿ?"

"ನಮ್ಮನೇಲೂ ಇತ್ತಪ್ಪ. ಹೊಡೀತಿದ್ದೋನು ನಾನೇ" ಎಂದರು ವೆಂಕಟರಂಗಯ್ಯ. "ಮೂವತ್ತು ವರ್ಷ ಆಯ್ತು. ಇವತ್ತಿಗೂ ನಾನು ಜೋರಾಗಿ ಕೆಮ್ಮಿದ್ರೆ ನಿಮ್ಮತ್ತೆ ಕೈಲಿರೋದನ್ನ ಕೆಳಗಿಡ್ತಾಳೆ. ನಾನು ನೋಡೇ ಇಲ್ಲ ಅಂತ ಇದ್ದೆ. ನೀನು ಹೋಗು."

ಭಾನುಪ್ರಕಾಶ್ ಅತ್ತೆಯ ಕಡೆ ನೋಡಿದ. ಸಾಮಾನ್ಯವಾಗಿ ಅವನ ಪರ ಮಾತಾಡುತ್ತಿದ್ದ ನಿಂಗಮ್ಮ ಬಾಗಿಲಿಗೆ ಒರಗಿ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು. ಖಾಲಿ ಟೆಂಪೋ ಹೊರಟಾಗ ಎದುರು ಮನೆಯವರು ಗೇಟಿನ ಬಳಿ ನಿಂತು ನೋಡುತ್ತಿದ್ದರು.

ಮೂವರೂ ಸೇರಿ ಬೀರುವನ್ನು ಒಳಕೋಣೆಗೆ ತಳ್ಳಿದರು. ನಿಂಗಮ್ಮ ಅಡುಗೆಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ವೆಂಕಟರಂಗಯ್ಯ ಬಾಗಿಲವರೆಗೆ ಹೋದರು. ಒಂದು ಲೋಟ ನೀರು ತುಂಬಿ ಅವಳ ಪಕ್ಕ ಇಟ್ಟು ಬಂದರು. ಅವಳು ಅದನ್ನು ಮುಟ್ಟಲಿಲ್ಲ.

ಒಳಕೋಣೆಯಲ್ಲಿ ಯಶಸ್ವಿನಿ, ತಿಂಗಳಿನಿಂದ ಬ್ಯಾಗಿನಿಂದ ತೆಗೆದು ಒಗೆದು ಮತ್ತೆ ಬ್ಯಾಗಿಗೇ ತುಂಬುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಜೋಡಿಸುತ್ತಿದ್ದಳು.

"ಎಣ್ಣೆ ಇನ್ನೂ ಆರಿಲ್ಲಮ್ಮ, ಬಟ್ಟೆಗೆ ವಾಸನೆ ಹತ್ತುತ್ತೆ. ಎರಡು ದಿನ ತಡಿ."

"ಹತ್ಲಿ ಬಿಡಿ ಅಪ್ಪಾಜಿ" ಎಂದು ಅವಳು ಇನ್ನೊಂದು ಸೀರೆ ಮಡಿಸಿದಳು.